ಎಡಗಡೆಯ ಜಾಗ

"ನೀವು ಎಷ್ಟು ಜನ?"

ಕೌಂಟರಿನಲ್ಲಿದ್ದ ಹೆಂಗಸು ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು. ಅವನು ಒಂದು ಕ್ಷಣ ನಿಜವಾಗಿಯೂ ಎಣಿಸಿದ.

"ಒಬ್ಬ."

"ಒಬ್ಬರಿಗೆ ಕೋರ್ಟ್ ಕೊಡಲ್ಲ ಸರ್. ಪ್ಯಾಡೆಲ್ ನಾಲ್ಕು ಜನ ಆಡೋದು."

"ನನಗೆ ಆಡೋದಲ್ಲ, ಕಲಿಯೋದಿದೆ."

"ಕಲಿಯೋಕೂ ನಾಲ್ಕು ಜನ ಬೇಕು."

"ಉಳಿದ ಮೂವರು ನಾಳೆ ಸಿಗ್ತಾರೆ." ಇದು ಸುಳ್ಳಾಗಿರಲಿಲ್ಲ.

"ಹಾಗಾದ್ರೆ ನೀವೂ ನಾಳೆನೇ ಬನ್ನಿ," ಎಂದು ಆಕೆ ಅವನ ಹಿಂದೆ ನಿಂತಿದ್ದವರ ಕಡೆ ತಿರುಗಿದಳು. ಅವರು ನಾಲ್ಕು ಜನ ಇದ್ದರು.

ಅವನು ಪಕ್ಕಕ್ಕೆ ಸರಿದು ನಿಂತು ಕೋರ್ಟುಗಳ ಕಡೆ ನೋಡಿದ. ಎರಡು ಕೊನೆಗಳಲ್ಲಿ ಎತ್ತರದ ಗಾಜಿನ ಗೋಡೆ, ಅಕ್ಕಪಕ್ಕ ತಂತಿಯ ಜಾಲರಿ, ನಡುವೆ ಬಲೆ. ಟೆನಿಸ್ಸನ್ನು ಹಿಡಿದು ಮೀನಿನ ತೊಟ್ಟಿಯೊಳಗೆ ಹಾಕಿದಂತಿತ್ತು. ಚೆಂಡು ನೆಲಕ್ಕೆ ಒಮ್ಮೆ ಬಡಿದು, ಹಿಂದಿನ ಗಾಜಿಗೆ ತಾಗಿ ಮರಳಿ ಬಂದರೂ ಹೊಡೆಯಬಹುದು. ಪುಸ್ತಕ ಓದುವಂತೆ ನಿಯಮಗಳನ್ನೆಲ್ಲ ಓದಿಕೊಂಡಿದ್ದ. ಕೈಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಶನಿವಾರ ಬೆಳಗಿನ ಎಂಟೂವರೆ. ನಾಳೆ ಏಳು ಗಂಟೆಯೊಳಗೆ ಅವನು ಹಳೆಯ ಆಟಗಾರನಾಗಬೇಕಿತ್ತು.

ಅವನು ದೊಡ್ಡ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ನೆಲಮಾಳಿಗೆಯಲ್ಲಿ ಅವನ ಲ್ಯಾಬು. ರೋಗಿಗಳ ಮೈಯಿಂದ ತೆಗೆದ ಚೂರುಗಳು ಅವನ ಬಳಿಗೆ ಬರುತ್ತಿದ್ದವು, ರೋಗಿಗಳು ಬರುತ್ತಿರಲಿಲ್ಲ. ಹದಿನೆಂಟು ವರ್ಷಗಳಲ್ಲಿ ಒಬ್ಬರೂ ಅವನಿಗೆ 'ನಮಸ್ಕಾರ ಡಾಕ್ಟ್ರೇ' ಎಂದಿರಲಿಲ್ಲ. ಮೊದಮೊದಲು ಇದೇ ಸುಖ ಎನ್ನಿಸಿತ್ತು. ಯಾರ ಉಸಾಬರಿಯೂ ಇಲ್ಲ. ಆಮೇಲೆ ಯಾವಾಗಲೋ ಅದು ಸುಖದಂತೆ ಕಾಣುವುದು ನಿಂತುಹೋಗಿತ್ತು.

ಕ್ಯಾಂಟೀನಿನ ಕಿಟಕಿಯ ಪಕ್ಕದ ಮೇಜು ನಾಲ್ಕು ಜನರದು. ಸರ್ಜನ್, ಮೂಳೆ ಡಾಕ್ಟರ್, ಕಣ್ಣಿನ ಡಾಕ್ಟರಮ್ಮ, ಮತ್ತೆ ಜೋಗುಳ. ಜೋಗುಳ ಎಂದರೆ ಅರಿವಳಿಕೆ ಕೊಡುವ ಡಾಕ್ಟರ್. ಆಪರೇಷನ್ನಿಗೆ ಮಲಗಿದವರೊಡನೆ ಊರು ಕೇರಿ ಮಕ್ಕಳು ಮರಿ ಅಂತ ಮಾತಾಡುತ್ತಲೇ ನಿದ್ದೆ ಮಾಡಿಸಿಬಿಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಪ್ರತಿ ಸೋಮವಾರ ಆ ಮೇಜಿನಲ್ಲಿ ಭಾನುವಾರದ ಪ್ಯಾಡೆಲ್ ಮತ್ತೊಮ್ಮೆ ನಡೆಯುತ್ತಿತ್ತು. ಯಾರು ಯಾವ ಚೆಂಡು ಬಿಟ್ಟರು, ಯಾರು ಜಾರಿ ಬಿದ್ದರು, ಯಾರು ಸೋತು ಎಲ್ಲರಿಗೂ ಕಾಫಿ ಕುಡಿಸಿದರು. ಅವನು ಪಕ್ಕದ ಮೇಜಿನಲ್ಲಿ ಅವರಿಗೆ ಬೆನ್ನು ಕೊಟ್ಟು ಕೂತು, ಮೂರು ವರ್ಷ, ಕಿವಿಯಿಂದಲೇ ಆ ಆಟ ಆಡಿದ್ದ.

ಮೊನ್ನೆ ಗುರುವಾರ ಸರ್ಜನ್ ತಟ್ಟೆ ಹಿಡಿದು ಬಂದು ಅವನೆದುರಿಗೆ ಕೂತ.

"ನೀವು ಪ್ಯಾಡೆಲ್ ಆಡ್ತೀರಾ?"

"ಹೂಂ. ಸ್ವಲ್ಪ." ಯೋಚಿಸುವ ಮೊದಲೇ ಬಾಯಿ ಉತ್ತರ ಕೊಟ್ಟಾಗಿತ್ತು.

"ಗೊತ್ತೇ ಇರಲಿಲ್ಲ ನೋಡಿ. ಭಾನುವಾರ ಏಳಕ್ಕೆ ಬನ್ನಿ. ಇಷ್ಟು ದಿನ ಮೂವರೇ ಒದ್ದಾಡಿದ್ವಿ. ಖಾಯಂ ಆಗಿ ಒಬ್ಬರು ಬೇಕು."

ಖಾಯಂ ಎಂಬ ಮಾತು ಅವನ ಹೊಟ್ಟೆಗೆ ತಂಪು ಹೊಯ್ದಂತಾಯಿತು.

"ಜೋಗುಳ ಅವರು?"

"ನಿಮಗೇ ಗೊತ್ತಲ್ಲ," ಎಂದು ಸರ್ಜನ್ ತಟ್ಟೆಯ ಕಡೆ ನೋಡಿದ.

ಅವನಿಗೇ ಗೊತ್ತಿತ್ತು. ಮೂರು ತಿಂಗಳ ಹಿಂದೆ ಜೋಗುಳನ ಕತ್ತಿನ ಗಂಟಿನ ಚೂರು ಅವನ ಮೈಕ್ರೋಸ್ಕೋಪಿನ ಕೆಳಗೆ ಬಂದಿತ್ತು. ಚೀಟಿಯಲ್ಲಿ ಹೆಸರು, ವಯಸ್ಸು ನಲವತ್ತೊಂಬತ್ತು. ಅರ್ಧ ನಿಮಿಷದಲ್ಲಿ ಎಲ್ಲ ತಿಳಿದಿತ್ತು. ಆಮೇಲೂ ಇಪ್ಪತ್ತು ನಿಮಿಷ ಅವನು ಕಣ್ಣು ತೆಗೆಯಲಿಲ್ಲ. ಎಲ್ಲಿಯಾದರೂ ತಪ್ಪಾಗಿರಬಹುದೇ ಎಂದು ಹುಡುಕುತ್ತಿದ್ದೇನೆ ಅಂತ ತನಗೆ ತಾನೇ ಹೇಳಿಕೊಂಡ. ನಿಜಕ್ಕೂ ಅವನು ನೋಡುತ್ತಿದ್ದುದು ತನ್ನ ಮೊದಲ ಯೋಚನೆಯನ್ನು: ಇನ್ನು ಅವರು ಮೂವರೇ.

ಸ್ಟೂಲು ಹಿಂದಕ್ಕೆ ತಳ್ಳಿ ಎದ್ದುಹೋಗಿ ಕೈ ತೊಳೆದಿದ್ದ. ಬಂದು ವರದಿ ಬರೆದಿದ್ದ. ಚೊಕ್ಕ ವರದಿ, ಐದು ಸಾಲು.

ಈಗ ಕಾರಿನಲ್ಲಿ ಕೂತು ಫೋನಿನಲ್ಲಿ ಬೇರೆ ಜಾಗ ಹುಡುಕುತ್ತಿದ್ದಾಗ ಬೆಳಗ್ಗೆ ಹೆಂಡತಿ ಆಡಿದ್ದ ಮಾತು ನೆನಪಾಯಿತು. ಅವಳು ಹೈಸ್ಕೂಲಿನ ಗಣಿತದ ಟೀಚರ್. ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಳು. ಅವನು ಕನ್ನಡಿಯೆದುರು ಬ್ಯಾಟ್ ಬೀಸುವುದನ್ನು ಎರಡು ಸಲ ನೋಡಿ, ಮೂರನೆಯ ಸಲ ಪೆನ್ನು ಕೆಳಗಿಟ್ಟಳು.

"ಏನ್ರೀ ಅದು, ಕರಿಯೋ ತೂತಿನ ಸೌಟಿನ ಹಾಗಿದೆ."

"ನಿನ್ನ ತಮ್ಮಂದು. ಅವನಿಗೆ ಸೊಂಟ ಹಿಡ್ಕೊಂಡಿದೆಯಲ್ಲ, ಹಾಗೇ ಬಿದ್ದಿತ್ತು."

"ಈ ವಯಸ್ಸಲ್ಲಿ ಇದೇನು ಹೊಸ ಹುಚ್ಚು?"

"ಆಸ್ಪತ್ರೆಯವರು ಕರೆದಿದ್ದಾರೆ. ಅವರಲ್ಲಿ ಒಂದು ಜಾಗ ಖಾಲಿಯಾಗಿದೆ."

"ಯಾರದು?"

"ಯಾರೋ ಬಿಟ್ಟರು."

ಅವಳು ಅವನ ಮುಖವನ್ನೇ ನೋಡಿದಳು. ತಪ್ಪು ಲೆಕ್ಕಕ್ಕೆ ಸರಿಯುತ್ತರ ಬರೆದ ಹುಡುಗರನ್ನು ಹಿಡಿಯುವುದು ಅವಳ ಕಸುಬು. ಆದರೂ ಮತ್ತೆ ಪೆನ್ನು ಎತ್ತಿಕೊಂಡಳು. ಅವಳು ಏನೂ ಹೇಳದಿರುವುದು ಕೂಡ ಎಷ್ಟೋ ವರ್ಷಗಳಿಂದ ಖಾಯಂ ಆಗಿತ್ತು.

ಎರಡನೆಯ ಜಾಗ ದೊಡ್ಡ ಅಂಗಡಿಯೊಂದರ ತಾರಸಿಯ ಮೇಲಿತ್ತು. ಹೊಸಬರಿಗೆ ಹತ್ತು ಗಂಟೆಗೆ ಪಾಠ, ಒಬ್ಬರೇ ಬಂದರೂ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಹೋದ. ಅಲ್ಲಿದ್ದವರು ಗಂಡ ಹೆಂಡತಿಯರು, ಒಂದೇ ಆಫೀಸಿನವರು, ಅಕ್ಕ ತಂಗಿಯರು. ಎಲ್ಲರೂ ತಮ್ಮ ತಮ್ಮೊಳಗೆ ನಗುತ್ತಿದ್ದರು. ಕತ್ತಿಗೆ ಸೀಟಿ ನೇತುಹಾಕಿಕೊಂಡ ಕೋಚ್ ಚಪ್ಪಾಳೆ ತಟ್ಟಿ, "ಜೋಡಿ ಮಾಡ್ಕೊಳ್ಳಿ," ಎಂದ.

ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಗಳಾದವು. ಐದು ಜೋಡಿ. ಅವನು ಹನ್ನೊಂದನೆಯವನಾಗಿ ಉಳಿದ.

"ಅಂಕಲ್, ನೀವು ಈ ರೌಂಡು ನೋಡ್ತಾ ಇರಿ," ಎಂದ ಕೋಚ್. "ನೋಡ್ತಾ ನೋಡ್ತಾನೇ ಅರ್ಧ ಬರುತ್ತೆ."

ನೋಡುವುದು ಅವನಿಗೆ ಹೊಸದಲ್ಲ. ಅವನು ಗಾಜಿನ ಹೊರಗೆ ನಿಂತು ನಲವತ್ತು ನಿಮಿಷ ನೋಡಿದ. ಯಾರ ಮಣಿಕಟ್ಟು ಸಡಿಲ, ಯಾರು ಚೆಂಡಿಗೆ ಹೆದರುತ್ತಾರೆ, ಯಾವ ಗಂಡ ಹೆಂಡತಿಯ ಚೆಂಡನ್ನು ಕಸಿದುಕೊಳ್ಳುತ್ತಾನೆ, ಎಲ್ಲ ಕಂಡಿತು. ವರದಿ ಬರೆಯಲು ಹೇಳಿದ್ದರೆ ಬರೆದುಕೊಡುತ್ತಿದ್ದ.

ಕೊನೆಗೆ ಮೂರು ನಿಮಿಷ ಅವನನ್ನು ಒಳಗೆ ಬಿಟ್ಟರು. ಚೆಂಡು ಬಂತು. ಅವನು ಬೀಸಿದ. ಚೆಂಡು ಅವನ ಪಾಡಿಗೆ ಅವನನ್ನು ಬಿಟ್ಟು ಹಿಂದಿನ ಗಾಜಿಗೆ ಬಡಿದು ಮರಳಿತು; ಅವನು ಎಲ್ಲಿ ಹೋಯಿತೆಂದು ತಿರುಗಿದ್ದೇ ತಡ ಹಣೆಗೆ ಬಿತ್ತು. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ಕೆಟ್ಟದಾಗಿ ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

"ನೋವಾಯ್ತಾ ಅಂಕಲ್?" ಎಂದು ಒಬ್ಬಳು ಕೇಳಿದಳು.

"ಇಲ್ಲ," ಎಂದು ಇಂಗು ತಿಂದ ಮಂಗನಂತೆ ಹಲ್ಲು ಕಿರಿದು, ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದ.

ಮೂರನೆಯ ಜಾಗ ಹೇಳಿದ್ದು ಭಾವಮೈದುನ.

"ಭಾವ, ನೀವು ಆ ಥಳುಕಿನ ಜಾಗಕ್ಕೆಲ್ಲ ಯಾಕೆ ಹೋದ್ರಿ?" ಎಂದು ಫೋನಿನಲ್ಲಿ ನಕ್ಕ. "ಲಾರಿ ನಿಲ್ಲಿಸೋ ಮೈದಾನದ ಹಿಂದೆ ಒಂದು ಹಳೇ ಗೋದಾಮಿದೆ. ಒಳಗೆ ಒಂದೇ ಕೋರ್ಟು. ತಗಡಿನ ಸೂರು, ಮಧ್ಯಾಹ್ನ ಕಾದ ಒಲೆ ಥರ ಇರುತ್ತೆ, ಒಂದು ನರಪಿಳ್ಳೇನೂ ಬರಲ್ಲ. ಗೋಡೆಗೆ ಹೊಡ್ಕೊಂಡು ಕಲೀರಿ. ನಾನೂ ಹಾಗೇ ಕಲ್ತದ್ದು. ಸೊಂಟಕ್ಕೆ ಮಾತ್ರ ಹುಷಾರು."

ಗೋದಾಮಿನ ಬಾಗಿಲಲ್ಲಿ ಕಾವಲಿನ ಮುದುಕ ಪೇಪರು ಬೀಸಿಕೊಳ್ಳುತ್ತ ಕೂತಿದ್ದ.

"ಒಬ್ಬರು ಆಗ್ಲೇ ಆಡ್ತಾ ಇದಾರೆ. ಕೇಳಿ ನೋಡಿ. ಅವರೂ ನಿಮ್ಮ ಹಾಗೇ ಒಂಟಿ."

ಒಳಗೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಸದ್ದು ಕೇಳಿಸಿತು. ಟಪ್, ಟಕ್. ಟಪ್, ಟಕ್. ಯಾರೋ ಚೆಂಡನ್ನು ಗಾಜಿಗೆ ಹೊಡೆದು, ಮರಳಿದ ಚೆಂಡನ್ನು ಮತ್ತೆ ಹೊಡೆಯುತ್ತಿದ್ದರು. ಅವಸರವಿಲ್ಲದ, ಮುದ್ದಾದ ಹೊಡೆತ. ಟೋಪಿ, ತೋಳಿನಲ್ಲಿ ಜೋತು ಬಿದ್ದ ಅಂಗಿ, ಕಡ್ಡಿಯಂಥ ಕಾಲು. ಆ ಕಾಲು ಯಾರದೆಂದು ಅವನಿಗೆ ಗೊತ್ತಾಗಲಿಲ್ಲ. ಆತ ತಿರುಗಿದಾಗ ಗೊತ್ತಾಯಿತು.

ಜೋಗುಳ.

ಅವನು ಬಾಗಿಲ ಕಡೆ ನೋಡಿದ. ಹಿಂದಕ್ಕೆ ಹೋಗಿಬಿಡೋಣ ಎನ್ನುವಷ್ಟರಲ್ಲಿ ಜೋಗುಳ ಬ್ಯಾಟು ಎತ್ತಿ ಕರೆದ.

"ಅರೆ, ನೀವಾ. ನೆಲಮಾಳಿಗೆಯಿಂದ ಇಷ್ಟು ದೂರ?"

"ಸುಮ್ಮನೆ. ಕಲಿಯೋಣ ಅಂತ."

"ಬನ್ನಿ ಬನ್ನಿ. ಹತ್ತು ನಿಮಿಷ ಹೊಡೆದ್ರೆ ಹತ್ತು ನಿಮಿಷ ಕೂರಬೇಕು ನನಗೆ. ಕೂತಾಗ ಮಾತಾಡೋಕೆ ಒಬ್ಬರು ಸಿಕ್ಕಿದ ಹಾಗಾಯ್ತು."

ಕೋರ್ಟಿನ ಮೂಲೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತರು. ಜೋಗುಳ ನೀರು ಕುಡಿದ. ಗುಟುಕು ಇಳಿಯುವಾಗ ಕತ್ತಿನ ಗಾಯದ ಗುರುತು ಮೇಲೆ ಕೆಳಗೆ ಆಡಿತು. ಅವನು ಕಣ್ಣು ತಪ್ಪಿಸಿದ.

"ನಾಲ್ಕು ಸುತ್ತು ಕೀಮೋ ಆಯ್ತು. ಇನ್ನೆರಡು," ಎಂದ ಜೋಗುಳ. "ಆಮೇಲೆ ನೋಡೋಣ ಅಂದಿದ್ದಾರೆ. ನಾನೂ ರೋಗಿಗಳಿಗೆ ಹಾಗೇ ಹೇಳ್ತಿದ್ದೆ. ನೋಡೋಣ ಅಂತ."

"ಹೂಂ."

"ನಿಮ್ಮ ವರದಿ ಚೆನ್ನಾಗಿತ್ತು. ಒಂದು ಮಾತೂ ಹೆಚ್ಚಿಲ್ಲ."

ಅವನು ಬ್ಯಾಟಿನ ತೂತುಗಳನ್ನು ನೋಡಿದ.

"ಆವತ್ತು ಶುಕ್ರವಾರ. ಥಿಯೇಟರ್‌ನಲ್ಲಿದ್ದೆ. ಟೇಬಲ್ ಮೇಲೆ ರೋಗಿ ಮಲಗಿದ್ದಾರೆ, ಪಕ್ಕದ ಕಂಪ್ಯೂಟರಲ್ಲಿ ನಂದು ಬಂದಿದೆಯಾ ಅಂತ ತೆರೆದೆ. ಬಂದಿತ್ತು. ಓದಿದೆ. ಆಮೇಲೆ ರೋಗಿನ ಎಬ್ಬಿಸಬೇಕಲ್ಲ, ಎಬ್ಬಿಸಿದೆ." ಜೋಗುಳ ಬಾಟಲಿಯ ಮುಚ್ಚಳ ತಿರುಗಿಸಿದ. "ಒಂದು ಫೋನ್ ಮಾಡಬಹುದಿತ್ತು ನೀವು."

"ಕಳಿಸಿದ ಡಾಕ್ಟರಿಗೇ ಹೇಳಬೇಕು ಅಂತ ನಿಯಮ..."

"ಹೌದು. ನಿಯಮ ಇದೆ."

ದೂರದಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಎಂದಿತು.

"ಎದ್ದೇಳಿ," ಎಂದ ಜೋಗುಳ. "ತೋರಿಸ್ತೀನಿ."

ಜೋಗುಳನಿಗೆ ಕಲಿಸಲು ಬರುತ್ತಿತ್ತು. ಜನರನ್ನು ನಿದ್ದೆಗೆ ಕಳಿಸುವಾಗ ಇರುತ್ತಿದ್ದ ಅದೇ ಮೆಲುದನಿ. ಚೆಂಡಿನ ಹಿಂದೆ ಓಡಬೇಡಿ. ಅದು ಗಾಜಿಗೆ ಹೋಗಿ ತಾನೇ ನಿಮ್ಮ ಹತ್ತಿರ ಬರುತ್ತೆ. ಬರೋವರೆಗೂ ತಾಳಿ. ಮೊಣಕಾಲು ಬಗ್ಗಿಸಿ. ಬೀಸಬೇಡಿ, ತಳ್ಳಿ. ಮಗುವನ್ನ ಉಯ್ಯಾಲೆಯಲ್ಲಿ ತಳ್ತೀವಲ್ಲ, ಅಷ್ಟೇ.

ಅವನು ಮೊದಲು ಹತ್ತು ಚೆಂಡು ಬಿಟ್ಟ. ಆಮೇಲೆ ಒಂದು ತಾಗಿತು. ಆಮೇಲೆ ಮೂರು. ಬೆವರು ಕಣ್ಣಿಗಿಳಿಯಿತು. ಸೂರಿನ ತಗಡು ಕಾದು ಚಟಚಟ ಎನ್ನುತ್ತಿತ್ತು. ಗಾಜಿನಿಂದ ಮರಳಿದ ಒಂದು ಚೆಂಡು ಬ್ಯಾಟಿನ ನಡುವಿಗೆ ಸರಿಯಾಗಿ ಕೂತು ಬಲೆಯಾಚೆ ಹೋದಾಗ ಅವನ ತೋಳಿನಲ್ಲಿ ಏನೋ ಬಿಚ್ಚಿಕೊಂಡಂತಾಯಿತು. ನಕ್ಕುಬಿಟ್ಟ. ಜೋಗುಳನೂ ನಕ್ಕ.

"ಬಂತು ನೋಡಿ."

ಆ ಕ್ಷಣದಲ್ಲಿ ಅವನು ಈ ಮನುಷ್ಯನನ್ನು ಬಹಳ ಇಷ್ಟಪಟ್ಟ. ಇಷ್ಟಪಟ್ಟಿದ್ದು ಗೊತ್ತಾದ ಕೂಡಲೇ ನಗೆ ಇಂಗಿತು.

ಮತ್ತೆ ಕೂತರು. ಜೋಗುಳನ ಉಸಿರು ಸೀಟಿ ಹೊಡೆಯುತ್ತಿತ್ತು.

"ಇಲ್ಲಿ ಯಾಕೆ ಒಬ್ಬರೇ? ಅವರ ಜೊತೆ..." ಎಂದು ಅವನೇ ಕೇಳಿದ. ಕೇಳಬಾರದಿತ್ತು.

"ಅವರ ಜೊತೆ ಹೋದ್ರೆ ನನ್ನ ಕೈಗೇ ಚೆಂಡು ಹಾಕ್ತಾರೆ. ಅದು ಆಟ ಅಲ್ಲ, ರೋಗಿ ನೋಡೋಕೆ ಬರೋದು. ಸ್ವಲ್ಪ ಮೈ ಹತ್ತಲಿ, ಹೋಗ್ತೀನಿ." ಜೋಗುಳ ಟೋಪಿ ತೆಗೆದು ಬೋಳು ತಲೆ ಒರೆಸಿಕೊಂಡ. "ಪಾಪ, ಮೂವರೇ ಹೇಗೋ ಎಳೀತಾ ಇದ್ದಾರೆ. ಸರ್ಜನ್ ಮೊನ್ನೆ ಮನೆಗೆ ಬಂದಿದ್ದರು. ನೀವು ಬರೋವರೆಗೂ ಬೇರೆ ಯಾರನ್ನೂ ಸೇರಿಸ್ಕೊಳ್ಳಲ್ಲ, ನಿಮ್ಮ ಜಾಗ ನಿಮಗೇ ಅಂದ್ರು."

ಅವನು ಬಾಗಿ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ.

"ಮೊನ್ನೆ ಅಂದ್ರೆ?"

"ಬುಧವಾರ ಸಂಜೆ."

ಗುರುವಾರ ಮಧ್ಯಾಹ್ನ ಸರ್ಜನ್ ತಟ್ಟೆ ಹಿಡಿದು ಬಂದಿದ್ದ. ಅವನು ಇನ್ನೊಂದು ಶೂವಿನ ಲೇಸನ್ನೂ ಬಿಚ್ಚಿದ.

"ನೀವು ಯಾರ ಜೊತೆ ಆಡ್ತೀರಿ?" ಎಂದು ಜೋಗುಳ ಕೇಳಿದ.

"ಭಾವಮೈದುನ. ಅವನ ಸ್ನೇಹಿತರು."

"ಒಳ್ಳೇದು. ಎಡಗಡೆ ನಿಲ್ಲಿ. ನಾನೂ ಎಡಗಡೆಯವನೇ. ಬಲಗಡೆ ನಿಲ್ಲೋರಿಗೆ ಸ್ವಲ್ಪ ಜಂಭ ಇರುತ್ತೆ. ನಡುವಿನ ಚೆಂಡನ್ನ ಬಿಟ್ಟು, ನಿಮ್ಮದು ಅಂತಾರೆ. ಸರ್ಜನ್ ಅಂತೂ ಯಾವಾಗಲೂ. ನೀವೇ ತಗೋಬೇಕು ಅದನ್ನ. ಕೇಳೋಕೆ ಹೋಗಬೇಡಿ."

ಅವನು ತಲೆಯೆತ್ತಿ ನೋಡಿದ. ಜೋಗುಳ ಚೆಂಡಿನ ಮೇಲಿನ ಧೂಳು ಊದುತ್ತಿದ್ದ. ಆ ಮುಖದಲ್ಲಿ ಏನೂ ಇರಲಿಲ್ಲ. ಹದಿನೆಂಟು ವರ್ಷ ಜೀವಕೋಶಗಳ ಮುಖ ಓದಿದವನಿಗೆ ಒಬ್ಬ ಮನುಷ್ಯನ ಮುಖ ಓದಲಾಗಲಿಲ್ಲ. ಗೊತ್ತಿದ್ದು ಹೇಳಿದನೋ, ಮಾತಿಗೆ ಹೇಳಿದನೋ.

ಈಗ ಹೇಳಿಬಿಡಬಹುದು ಎಂದುಕೊಂಡ. ನಾಳೆ ಏಳಕ್ಕೆ ನನ್ನನ್ನು ಕರೆದಿದ್ದಾರೆ, ನಾನು ಹೋಗುವುದಿಲ್ಲ. ಎರಡು ಮಾತು. ಮೊದಲನೆಯದನ್ನು ಹೇಳಿದರೆ ಎರಡನೆಯದನ್ನೂ ಹೇಳಬೇಕಾಗುತ್ತದೆ. ಅವನು ಮೊದಲನೆಯದನ್ನು ಹೇಳಲಿಲ್ಲ.

"ಸರ್, ನಮ್ಮದು ನಾಲ್ಕು ಗಂಟೆಗೆ ಬುಕ್ ಆಗಿದೆ."

ಬಾಗಿಲಲ್ಲಿ ಮೂವರು ನಿಂತಿದ್ದರು. ಇಬ್ಬರು ಹೆಂಗಸರು, ಒಬ್ಬ ಗಡ್ಡದವನು. ಒಂದೇ ಬ್ಯಾಂಕಿನವರೆಂದು ಕತ್ತಿನಲ್ಲಿ ಇನ್ನೂ ನೇತಾಡುತ್ತಿದ್ದ ಗುರುತುಚೀಟಿ ಹೇಳುತ್ತಿತ್ತು. ಇವರಿಬ್ಬರೂ ಎದ್ದರು.

"ಏನಂದ್ರೆ," ಎಂದಳು ಹೆಂಗಸರಲ್ಲಿ ಹಿರಿಯಳು, "ನಮ್ಮ ಒಬ್ಬರು ಕೈ ಕೊಟ್ಟರು. ನಿಮ್ಮಲ್ಲಿ ಯಾರಾದರೂ ಸೇರ್ಕೊಳ್ತೀರಾ? ಒಬ್ಬರು ಸಾಕು."

ಜೋಗುಳನ ಮುಖಕ್ಕೆ ಇದ್ದಕ್ಕಿದ್ದಂತೆ ಕಳೆ ಬಂತು. ಇವರಲ್ಲಿ ಯಾರಿಗೂ ತಾನು ಯಾರೆಂದು ಗೊತ್ತಿಲ್ಲ. ಯಾರೂ ಕೈಗೆ ಚೆಂಡು ಹಾಕುವುದಿಲ್ಲ. ಟೋಪಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟ.

ಆಕೆಯ ಕಣ್ಣು ಟೋಪಿಯ ಕೆಳಗೆ ಹೋಯಿತು, ಹುಬ್ಬಿಲ್ಲದ ಹಣೆಗೆ, ಕೆನ್ನೆಗೆ, ಕಾಲಿಗೆ. ಆಮೇಲೆ ಮೆಲ್ಲಗೆ, ಮರ್ಯಾದೆಯಿಂದ, ಪಕ್ಕಕ್ಕೆ ಜಾರಿತು.

"ಸರ್, ನೀವು?" ಎಂದು ಅವನನ್ನು ಕೇಳಿದಳು.

ಚೆನ್ನಾಗಿ ಆಡುವವರು ಅವರು, ನಾನು ಇವತ್ತು ತಾನೇ ಬ್ಯಾಟು ಹಿಡಿದವನು. ಇಷ್ಟೇ ಹೇಳಬೇಕಿದ್ದುದು. ಹೇಳಲು ಎಲ್ಲರೂ ಸಮಯ ಕೊಟ್ಟರು. ಯಾರೂ ಅವಸರಪಡಿಸಲಿಲ್ಲ.

"ಆಗಲಿ," ಎಂದ.

ಜೋಗುಳ ಬ್ಯಾಟು ಇಳಿಸಿದ.

"ಹೋಗಿ ಹೋಗಿ," ಎಂದ. "ನನಗೂ ಸಾಕಾಗಿದೆ. ಎಡಗಡೆ ನಿಲ್ಲಿ."

ಕೋರ್ಟಿನ ಬಾಗಿಲು ತೆಗೆದು ಹೊರಗೆ ಹೋದ. ಜಾಲರಿಯಾಚೆ ಒಂದು ಪ್ಲಾಸ್ಟಿಕ್ ಕುರ್ಚಿಯಿತ್ತು, ಕೂತ. ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಆಟ ಶುರುವಾಯಿತು. ಅವನು ಎಡಗಡೆ ನಿಂತ. ಬಲಗಡೆ ಗಡ್ಡದವನು. ಮೊದಲೆರಡು ಚೆಂಡು ಬಿಟ್ಟ, ಮೂರನೆಯದು ಬಲೆಗೆ ಬಿತ್ತು. ಆಮೇಲೊಂದು ಚೆಂಡು ಅವನ ತಲೆಯ ಮೇಲಿಂದ ಹೋಗಿ ನೆಲಕ್ಕೆ ಬಡಿದು ಗಾಜಿಗೆ ತಾಗಿತು. ಓಡಲಿಲ್ಲ. ತಾಳಿದ. ಮೊಣಕಾಲು ಬಗ್ಗಿಸಿದ. ಅದು ಸಾಕಿದ ನಾಯಿಯಂತೆ ಅವನ ಬಳಿಗೇ ಬಂತು. ತಳ್ಳಿದ. ಬಲೆಯಾಚೆ ಇಬ್ಬರ ನಡುವೆ ಬಿತ್ತು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಭಲೇ ಸರ್," ಎಂದ ಗಡ್ಡದವನು. "ಎಷ್ಟು ವರ್ಷದಿಂದ ಆಡ್ತಿದ್ದೀರಿ?"

"ಮೂರು."

ಹೊರಗೆ ಕುರ್ಚಿಯಲ್ಲಿದ್ದವನಿಗೆ ಕೇಳಿಸಿರಬಹುದು. ತಗಡಿನ ಸೂರಿನ ಕೆಳಗೆ ಎಲ್ಲ ಕೇಳಿಸುತ್ತದೆ.

ನಡುವಿಗೆ ಚೆಂಡು ಬಂತು. ಗಡ್ಡದವನು, "ನಿಮ್ಮದು," ಎಂದು ಬಿಟ್ಟ. ಅವನು ತೆಗೆದುಕೊಂಡ. ಇನ್ನೊಂದು ಬಂತು, ಅದನ್ನೂ ತೆಗೆದುಕೊಂಡ. ಕೈ ತಾನಾಗಿಯೇ ಹೋಗುತ್ತಿತ್ತು. ನಾಳೆ ಬೆಳಗ್ಗೆ ಏಳಕ್ಕೆ ತಾನು ಅಲ್ಲಿರುತ್ತೇನೆಂದು ಅವನಿಗೆ ಆಗ ಗೊತ್ತಾಯಿತು. ತೀರ್ಮಾನ ಮಾಡಿದಂತೆ ಅಲ್ಲ, ಸ್ಲೈಡ್ ನೋಡಿ ತಿಳಿದುಕೊಂಡಂತೆ.

ಎದುರಿನ ಹಿರಿಯಳು ಜೋರಾಗಿ ಹೊಡೆದ ಚೆಂಡು ಜಾಲರಿಯ ಮೇಲಿಂದ ಹಾರಿ ಹೊರಗೆ ಬಿತ್ತು. ಜೋಗುಳ ಎದ್ದು ಹೆಕ್ಕಿ ಒಳಗೆ ಎಸೆದ. ಸ್ವಲ್ಪ ಹೊತ್ತಿಗೆ ಮತ್ತೊಂದು ಸಲ ಬಿತ್ತು. ಮತ್ತೆ ಎಸೆದ. "ಥ್ಯಾಂಕ್ಯೂ ಸರ್," ಎಂದರು, ಕಡೆಕಡೆಗೆ ನೋಡದೆಯೇ.

ಮೂರನೆಯ ಸಲ ಚೆಂಡು ದೂರ ಉರುಳಿ ಗೋಡೆಯ ಬುಡಕ್ಕೆ ಹೋಗಿ ನಿಂತಿತು. ಜೋಗುಳ ಹೋದ. ಒಂದು ಕೈ ಗೋಡೆಗೆ ಕೊಟ್ಟು ಬಾಗಿದ. ನೆಟ್ಟಗಾಗಲು ಹೊತ್ತು ಹಿಡಿಯಿತು. ಚೆಂಡನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದ, ಬಿಟ್ಟ, ಮತ್ತೆ ಒತ್ತಿದ.

"ಸರ್, ಬಾಲ್," ಎಂದ ಗಡ್ಡದವನು.

ಜೋಗುಳ ಈ ಕಡೆ ತಿರುಗಿದ. ಯಾರನ್ನು ನೋಡುತ್ತಿದ್ದಾನೆಂದು ಹೇಳಲಾಗುತ್ತಿರಲಿಲ್ಲ. ಎಸೆಯಲಿಲ್ಲ. ಎಸೆಯುವುದಿಲ್ಲ ಎಂದೂ ಹೇಳಲಿಲ್ಲ.

ಇನ್ನೆರಡು ಚೆಂಡು ಹೆಂಗಸರ ಜೇಬಿನಲ್ಲೇ ಇದ್ದವು. ಯಾರೂ ತೆಗೆಯಲಿಲ್ಲ. ಗಾಜಿನೊಳಗೆ ನಾಲ್ಕು ಜನ, ತಂತಮ್ಮ ಜಾಗದಲ್ಲಿ, ಮೊಣಕಾಲು ಬಗ್ಗಿಸಿ, ಬ್ಯಾಟು ಎತ್ತಿ ಹಿಡಿದು ಕಾಯುತ್ತ ನಿಂತಿದ್ದರು.